ಮೊದಲ ಚಮಚ

೧

ಎಲ್ಲಿಂದ ಶುರು ಮಾಡಲಿ? ಹಳದಿ ಚೀಟಿಯಿಂದ ಶುರು ಮಾಡಿದರೆ ಇದು ಬಡತನದ ಕಥೆ ಎಂದುಕೊಂಡು ನೀವು ಕಣ್ಣು ಒದ್ದೆ ಮಾಡಿಕೊಳ್ಳಲು ತಯಾರಾಗುತ್ತೀರಿ. ಫ್ರಿಜ್ಜಿನಿಂದ ಶುರು ಮಾಡಿದರೆ ಜಾಹೀರಾತು ಎಂದುಕೊಂಡು ಪುಟ ತಿರುವುತ್ತೀರಿ. ಅತ್ತಿಗೆಯಿಂದಲೇ ಶುರು ಮಾಡೋಣವೆಂದರೆ ಆಕೆ ಮೊದಲ ಸಾಲಿಗೇ ತಕರಾರು ತೆಗೆಯುವ ಪೈಕಿ.

(ನಾನು ಹೊಟ್ಟೆಪಾಡಿಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರುಗಳ ಡಬ್ಬದೊಳಗೆ ಮಡಚಿಡುವ ಸೂಚನಾಪತ್ರ ಬರೆಯುವವನು. 'ಒದ್ದೆ ಕೈಯಿಂದ ಮುಟ್ಟಬೇಡಿ' ಎಂಬ ಒಂದೇ ಸಾಲನ್ನು ನಲವತ್ತು ಬಗೆಯಲ್ಲಿ ಬರೆದಿದ್ದೇನೆ, ಒಬ್ಬರೂ ಓದಿದ ಹಾಗಿಲ್ಲ. ನಂಬರ್ ಹಾಕದೆ ಪ್ಯಾರಾ ಬರೆಯುವುದು ನನ್ನಿಂದಾಗುವುದಿಲ್ಲ, ಸಹಿಸಿಕೊಳ್ಳಿ.)

೨

ಮೊದಲ ಡ್ರಾಫ್ಟ್ ಹೀಗಿತ್ತು: "ಸಂಜೆ ಆರು ಗಂಟೆಗೆ ಸರಿಯಾಗಿ ಮೂಗಿನ ಮಹಾರಾಣಿ ಅಂಗಡಿಯನ್ನು ಪ್ರವೇಶಿಸಿದಳು." ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಈಗ ಹೊಡೆದು ಹಾಕಿದ್ದೇನೆ. ಯಾಕೆಂದು ಆಮೇಲೆ ಹೇಳುತ್ತೇನೆ, ಹೇಳುವಾಗ ನನ್ನ ಮುಖ ನೋಡಬೇಡಿ.

ವಿಷಯ ಇಷ್ಟು. ಸೋಮವಾರ ನನ್ನ ಹೆಂಡತಿ ಕೆಲಸಕ್ಕೆ ವಾಪಸ್ ಹೋಗಬೇಕು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ಇತ್ಯಾದಿ ಪರೀಕ್ಷೆ ಮಾಡುವವಳು. ಏಳು ತಿಂಗಳ ನಮ್ಮ ಪುಟ್ಟಿಯನ್ನು ಹಗಲೆಲ್ಲ ನೋಡಿಕೊಂಡು ಉಣಿಸುವುದು ಅತ್ತಿಗೆ ಎಂದು ಯಾವತ್ತೋ ತೀರ್ಮಾನವಾಗಿತ್ತು. ಶುಕ್ರವಾರ ಆ ತೀರ್ಮಾನ ಅಲ್ಲಾಡಿತು. ಅತ್ತಿಗೆಯ ಕೈಗೆ ಮಗುವನ್ನು ಕೊಡುವುದೋ ಬೇಡವೋ, ಕಥೆ ಅಷ್ಟೇ. ಉಳಿದದ್ದೆಲ್ಲ ನನ್ನ ಬಾಯಿಚಪಲ.

೩

ಆದರೆ ಅಂಗಡಿಯನ್ನು ತೋರಿಸದೆ ಮುಂದೆ ಹೋಗಲಾರೆ. ನಾನು ಕಂಡು ಬೆರಗಾದ ಜಾಗಗಳು ಬಹಳ ಇಲ್ಲ, ಇದು ಒಂದು.

ನಮ್ಮ ಬೀದಿ ಮುಗಿಯುವಲ್ಲಿ ಒಂದು ದೊಡ್ಡ ಅಂಗಡಿ. ಸಂಜೆ ಆರಕ್ಕೆ ಅದರ ಹಿಂಬಾಗಿಲಿನಿಂದ ಒಬ್ಬರು ತಳ್ಳುಗಾಡಿ ತಳ್ಳಿಕೊಂಡು ಬರುತ್ತಾರೆ. ಐವತ್ತರ ಆಸುಪಾಸು, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಚೀಟಿ ಅಂಟಿಸುವ ಮೆಷೀನು. ನಾಳೆ ನಾಡಿದ್ದರಲ್ಲಿ ದಿನಾಂಕ ಮುಗಿಯುವ ಹಾಲು, ಬ್ರೆಡ್ಡು, ಅಣಬೆ, ಮೊಟ್ಟೆಗಳ ಮೇಲೆ ಹಳದಿ ಚೀಟಿ ಅಂಟಿಸುವುದು ಅವರ ಕೆಲಸ. ಚೀಟಿ ಬಿತ್ತೆಂದರೆ ಅರ್ಧ ಬೆಲೆ. ಅತ್ತಿಗೆಯ ಬಾಯಲ್ಲಿ ಅವರು ಹಳದಿ ಸಾಹೇಬ್ರು.

ಅವರು ಬರುವ ಮೊದಲೇ ಏಳೆಂಟು ಜನ ಅಲ್ಲಲ್ಲಿ ನಿಂತಿರುತ್ತಾರೆ. ಯಾರೂ ಕಾಯುತ್ತಿಲ್ಲ. ಒಬ್ಬರು ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿರುತ್ತಾರೆ. ಒಬ್ಬರು ಉಪ್ಪಿನ ಎರಡು ಪ್ಯಾಕೆಟ್ ಹಿಡಿದು ಯಾವುದು ಹೆಚ್ಚು ಉಪ್ಪು ಎಂದು ಯೋಚಿಸುತ್ತಿರುತ್ತಾರೆ. ಗಾಡಿ ಬಂದಾಗಲೂ ಯಾರೂ ಓಡುವುದಿಲ್ಲ. ಸಾಹೇಬರು ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಕೈ ತೆಗೆದ ಮೇಲೆಯೇ ಆ ವಸ್ತು ಮುಟ್ಟಬಹುದು. ಒಂದೇ ಬಗೆಯದನ್ನು ಎರಡಕ್ಕಿಂತ ಹೆಚ್ಚು ಎತ್ತಬಾರದು. ಇದನ್ನು ಯಾರೂ ಬರೆದು ಅಂಟಿಸಿಲ್ಲ, ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಒಮ್ಮೆ ಹೊಸಬನೊಬ್ಬ ಸಾಹೇಬರ ಕೈಯಡಿಗೇ ಕೈ ಹಾಕಿದ. ಎಲ್ಲರೂ ತಲೆಯೆತ್ತಿ ಒಂದು ಸಲ ನೋಡಿದರು, ಅಷ್ಟೇ. ಅವನು ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಟುಹೋದ.

ನನ್ನ ಸೂಚನಾಪತ್ರಗಳನ್ನು ನೆನೆದು ನನಗೆ ನಾಚಿಕೆಯಾಯಿತು.

ಇನ್ನು ಅತ್ತಿಗೆ. ಹಾಲಿನ ಪ್ಯಾಕೆಟ್ಟಿನ ಹೊಟ್ಟೆ ಒತ್ತುತ್ತಾರೆ. ಮೊಸರಿನ ಮುಚ್ಚಳ ಉಬ್ಬಿದೆಯೇ ಎಂದು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾರೆ. ಅಣಬೆಯ ಡಬ್ಬಿಯನ್ನು ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಕೊನೆಗೆ ಎಲ್ಲವನ್ನೂ ಮೂಗಿಗೆ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಮುಚ್ಚಿದ ಡಬ್ಬಿಯನ್ನೂ! ಅದಕ್ಕೇ ಅಣ್ಣ ಆಕೆಗೆ 'ಮೂಗು ಮೇಡಂ' ಎಂದು ಹೆಸರಿಟ್ಟದ್ದು. ಅಣ್ಣ ಲಿಫ್ಟ್ ರಿಪೇರಿಯವನು, ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದು ಇಂಥ ಜೋಕುಗಳಿಗೆ ತಾನೇ ನಗುತ್ತಾನೆ.

೪

ಫ್ರಿಜ್ಜಿನಲ್ಲಿ ಮೂರು ಅರೆ. ಮೇಲಿನದು 'ಇವತ್ತು', ನಡುವಿನದು 'ನಾಳೆ', ಕೆಳಗಿನದು 'ಆಮೇಲೆ'. ನಮ್ಮ ಮನೆಯಲ್ಲಿ ಯಾರೂ ಏನು ತಿನ್ನಬೇಕು ಅನ್ನಿಸುತ್ತಿದೆ ಎಂದು ಕೇಳಿಕೊಂಡು ಅಡುಗೆ ಮಾಡುವುದಿಲ್ಲ. 'ಇವತ್ತು' ಅರೆಯಲ್ಲಿ ನಾಲ್ಕು ಅಣಬೆ, ಅರ್ಧ ಡಬ್ಬಿ ಕೆನೆ, ಆರು ಬನ್ನು, ಒಂದು ಸುಕ್ಕುಗಟ್ಟಿದ ದೊಣ್ಣೆಮೆಣಸಿನಕಾಯಿ ಇದ್ದರೆ, ಅವು ನಾಲ್ಕೂ ಸೇರಿ ಏನಾಗಬೇಕೋ ಅದೇ ಊಟ. ಒಂದೇ ಊಟ ಎರಡನೇ ಸಲ ಆದದ್ದು ನನಗೆ ನೆನಪಿಲ್ಲ. ಹನ್ನೊಂದು ವರ್ಷದಲ್ಲಿ ಈ ಮನೆಯ ಕಸದ ಬುಟ್ಟಿಗೆ ಒಂದು ತುಂಡು ಬ್ರೆಡ್ಡೂ ಬಿದ್ದದ್ದನ್ನು ನಾನು ಕಂಡಿಲ್ಲ. ಅಣ್ಣನ ಕೆಲಸ ಎಂಟು ತಿಂಗಳು ನಿಂತಾಗ ಶುರುವಾದ ಅಭ್ಯಾಸ, ಕೆಲಸ ಸಿಕ್ಕ ಮೇಲೂ ಮುಂದುವರಿಯಿತು. ಐದು ಹೊಟ್ಟೆ ತುಂಬಬೇಕಲ್ಲ: ಅಮ್ಮ, ಅಣ್ಣ, ಅತ್ತಿಗೆ, ನಾನು, ನನ್ನವಳು. ಈಗ ಪುಟ್ಟಿ ಸೇರಿ ಐದೂಕಾಲು.

ಅತ್ತಿಗೆಯ ಮೇಲೆ ಅಮ್ಮನ ದೂರು ಒಂದೇ, ಆದರೆ ಬಲವಾದದ್ದು. ಸೊಸೆ ಎಲ್ಲರಿಗಿಂತ ಮೊದಲೇ ತಿನ್ನುತ್ತಾಳೆ. ಬಡಿಸುವುದಕ್ಕೆ ಎಷ್ಟೋ ಹೊತ್ತಿರುವಾಗಲೇ ಒಲೆಯ ಮುಂದೆ ನಿಂತು ಬಾಯಾಡಿಸುತ್ತಾಳೆ. "ಅಷ್ಟು ಆಸೆಬುರುಕತನ ಒಳ್ಳೇದಲ್ಲ" ಎಂದು ಅಮ್ಮ ನನ್ನ ಹತ್ತಿರ ಎಷ್ಟು ಸಲ ಹೇಳಿರಬಹುದು. ನಾನೂ ಹೂಂಗುಟ್ಟಿದ್ದೇನೆ.

೬

(ಐದನೆಯದು ಇಲ್ಲ. ಅದರಲ್ಲಿ ದಿನಾಂಕಗಳ ಬಗ್ಗೆ, ಕಾಲದ ಬಗ್ಗೆ, ನಾಗರಿಕತೆಯ ಬಗ್ಗೆ ಎರಡು ಪುಟ ಕೊರೆದಿದ್ದೆ. ನನ್ನವಳು ಓದಿ, "ನಿಂಗೆ ಜ್ವರ ಇದೆಯಾ?" ಎಂದು ಕೇಳಿದಳು.)

ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಹಾಲು ಹೊತ್ತಿತು. ನನ್ನವಳು ಮಹಡಿಯ ಮೇಲಿನ ರೂಮಿನಿಂದ ವಾಸನೆ ಹಿಡಿದು ಓಡಿ ಬಂದಳು. ನೋಡಿದರೆ ಅತ್ತಿಗೆ ಒಲೆಯಿಂದ ಎರಡು ಮಾರು ದೂರದಲ್ಲಿ, ಒಲೆಗೆ ಬೆನ್ನು ಹಾಕಿ ಕೂತು, ಗುನುಗಿಕೊಳ್ಳುತ್ತ ಬಟಾಣಿ ಸುಲಿಯುತ್ತಿದ್ದಾರೆ. ನನ್ನವಳು ಒಲೆ ಆರಿಸಿದಳು. ಮೇಲೆ ಬಂದು ನನ್ನೆದುರು ಕೂತು, ಅಕ್ಕನಿಗೆ ವಾಸನೆ ಬರುವುದಿಲ್ಲ ಎಂದಳು. (ಓರಗಿತ್ತಿಯನ್ನು ಅವಳು ಅಕ್ಕ ಎನ್ನುತ್ತಾಳೆ.)

ನಾನು ನಕ್ಕೆ. ಮೂಗು ಮೇಡಂಗೆ? ಅವಳು ನಗಲಿಲ್ಲ. ಹಳದಿ ಚೀಟಿಯ ಸಾಮಾನು ಮಗುವಿಗೆ ಬೇಡ, ಹೊಸದನ್ನೇ ತಂದುಕೊಟ್ಟರಾಯಿತು, ಅದು ದೊಡ್ಡದಲ್ಲ. ಆದರೆ ಹೊಸದೂ ಮನೆಯಲ್ಲಿ ಕೆಡುತ್ತದೆ, ಹಾಲು ಹೊತ್ತುತ್ತದೆ, ಗ್ಯಾಸು ಸೋರುತ್ತದೆ. ವಾಸನೆಯೇ ತಿಳಿಯದವರ ಕೈಯಲ್ಲಿ ಏಳು ತಿಂಗಳ ಕೂಸನ್ನು ಹೇಗೆ ಬಿಟ್ಟು ಹೋಗಲಿ, ನೀನೇ ಹೇಳು ಎಂದಳು.

೭

ಹಾಗಾಗಿ ನನ್ನ ಹೆಂಡತಿ ಅತ್ತಿಗೆಗೆ ಒಂದು ಪರೀಕ್ಷೆ ಒಡ್ಡಿದಳು.

೭ (ಮತ್ತೆ)

ಸುಳ್ಳು. ಮೇಲಿನ ಸಾಲನ್ನು ಓದಿ ನನ್ನವಳು ಲೇಖನಿ ಕಿತ್ತುಕೊಂಡಳು. ನೇರವಾಗಿ ಹೋಗಿ ಕೇಳಿಬಿಡೋಣ ಎಂದವಳು ಅವಳು. ಬೇಡ, ಹಾಗೆ ಕೇಳಿದರೆ ಅತ್ತಿಗೆಗೆ ನೋವಾಗುತ್ತದೆ, ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದವನು ನಾನು. ನೋವಿನ ಮಾತು ನೆಪ. ಕೇಳಿಬಿಟ್ಟರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ, ಪರೀಕ್ಷೆಯಾದರೆ ಒಂದು ಸೀನ್ ಸಿಗುತ್ತದೆ ಎಂಬುದು ಒಳಗಿದ್ದ ಆಸೆ. ಇದನ್ನು ಬರೆಯಲು ಮೂರು ಸಲ ಕುರ್ಚಿಯಿಂದ ಎದ್ದು ಕೂತಿದ್ದೇನೆ.

ಶನಿವಾರ ನನ್ನವಳು ಲ್ಯಾಬಿಗೆ ಏನೋ ಕಾಗದಕ್ಕೆ ಸಹಿ ಹಾಕಲು ಹೋಗಿದ್ದಳು. ಪುಟ್ಟಿಗೆ ಸಂಜೆಗೆಂದು ಅತ್ತಿಗೆ ಬೆಳಿಗ್ಗೆಯೇ ಕ್ಯಾರೆಟ್ ಬೇಯಿಸಿ, ಅರೆದು, ಬಟ್ಟಲಿನಲ್ಲಿ ಇಟ್ಟಿದ್ದರು. ನಾನು ಆ ಬಟ್ಟಲಿನದನ್ನು ತೆಗೆದು, ಗುರುವಾರ ಉಳಿದಿದ್ದ ಕ್ಯಾರೆಟ್ಟನ್ನು ಅದರಲ್ಲಿ ತುಂಬಿದೆ. ಶುಕ್ರವಾರ ಬೆಳಿಗ್ಗೆಯಿಂದ ನಾನೇ ಬೀರುವಿನ ಮೇಲೆ ಮುಚ್ಚಿಟ್ಟಿದ್ದು. ಬಣ್ಣ ಅದೇ. ಮೂಗಿಗೆ ಹಿಡಿದರೆ ಮಾತ್ರ ಯಾರಿಗಾದರೂ ಗೊತ್ತಾಗುವಂತಿತ್ತು. ಮಗುವಿಗೆ ಕೊಡುವ ಹೊತ್ತಿಗೆ ತಡೆಯುತ್ತೇನೆಂದು ಲೆಕ್ಕ ಹಾಕಿ, ಅಡುಗೆಮನೆಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಅತ್ತಿಗೆಗೆ ನಾನು ಅಲ್ಲಿ ಕೂರುವುದು ಹೊಸದಲ್ಲ.

ಹತ್ತು ಗಂಟೆಗೆ ಅತ್ತಿಗೆ ಬಟ್ಟಲು ತೆಗೆದರು. ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಬರೆದುಕೊಂಡೆ. ಅವರು ಒಂದು ಚಮಚ ತೆಗೆದು ಬಾಯಿಗಿಟ್ಟರು.

ಆಗ ಕೂಗಬಹುದಿತ್ತು. ಅತ್ತಿಗೆ, ಉಗೀರಿ, ಎಂದು ಎರಡು ಶಬ್ದ. ನಾನು ಕೂಗಲಿಲ್ಲ. ಸೀನ್ ಚೆನ್ನಾಗಿ ಬರುತ್ತಿತ್ತು.

ಅವರು ಸ್ವಲ್ಪ ಹೊತ್ತು ಅನುಮಾನದಿಂದ ನಿಂತು, ಇನ್ನೊಂದು ಚಮಚ ತಿಂದರು. ಗಡಿಯಾರ ನೋಡಿದರು. ಬಟ್ಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಬಟ್ಟೆ ಮಡಚಲು ಹೋದರು. ನಾನು 'ಅತ್ತಿಗೆಗೆ ವಾಸನೆ ತಿಳಿಯುವುದಿಲ್ಲ, ಸಾಬೀತು' ಎಂದು ಬರೆದು ಅಡಿಗೆರೆ ಎಳೆದೆ.

ಹನ್ನೆರಡೂವರೆಗೆ ಅವರು ಬಚ್ಚಲಿಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಆ ಬಟ್ಟಲಿನ ಕ್ಯಾರೆಟ್ಟನ್ನು ಚೆಲ್ಲಿ, ಬಟ್ಟಲನ್ನು ಎರಡು ಸಲ ತಿಕ್ಕಿ, ಹೊಸ ಕ್ಯಾರೆಟ್ ಬೇಯಲು ಇಟ್ಟರು. ಆಮೇಲೆ ತಲೆನೋವು ಎಂದು ಹೇಳಿ ರೂಮಿನ ಬಾಗಿಲು ಹಾಕಿಕೊಂಡರು. ನಡುಮನೆಯಲ್ಲಿ ಕೂತಿದ್ದ ಅಮ್ಮ, ಇವಳ ತಲೆನೋವು ಬಂದ ದಿನ ನಮಗೆ ಬ್ರೆಡ್ಡೇ ಗತಿ ಎಂದು ಗೊಣಗಿದರು.

ಇವಳ ತಲೆನೋವು ಬಂದ ದಿನ. ವರ್ಷಕ್ಕೆ ನಾಲ್ಕೋ ಐದೋ ಸಲ ಬರುತ್ತಿತ್ತು ಅದು. ಬಾಗಿಲು ಹಾಕಿದ ಆ ದಿನಗಳನ್ನು ನಾನು ನಿಂತಲ್ಲೇ ಒಂದೊಂದಾಗಿ ನೆನಪು ಮಾಡಿಕೊಂಡೆ. ಕಥೆಗೋಸ್ಕರ ನನ್ನ ಪಾತ್ರಕ್ಕೆ ನಾನು ವಿಷ ಉಣ್ಣಿಸಿದ್ದೆ.

೮

ನನ್ನವಳು ಬಂದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಏನೆಂದಳೋ ಅದನ್ನು ಅಚ್ಚು ಹಾಕುವ ಪ್ರಕಾಶಕರಿಲ್ಲ. ನೀರು, ಉಪ್ಪು, ಸಕ್ಕರೆ ಕಲಸಿಕೊಂಡು ಅತ್ತಿಗೆಯ ರೂಮಿಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ, ಒಳಗೆ ಕಾಲಿಡುವ ಮುಖ ಇರಲಿಲ್ಲ.

"ಅಕ್ಕ, ಎಷ್ಟು ದಿನದಿಂದ ವಾಸನೆ ಬರ್ತಿಲ್ಲ?"

ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ತಿರುಗದೆಯೇ ಹೇಳಿದರು.

"ಆ ದೊಡ್ಡ ಜ್ವರ ಬಂತಲ್ಲ, ಆವಾಗಿಂದ. ಹನ್ನೊಂದು ವರ್ಷ."

ನಾವು ಒಂದು ವಾರ, ಹೆಚ್ಚೆಂದರೆ ತಿಂಗಳು ಎಂದುಕೊಂಡಿದ್ದೆವು. ನನ್ನವಳು ಮಂಚದ ಅಂಚಿನಲ್ಲಿ ಕೂತುಬಿಟ್ಟಳು.

ಉಳಿದದ್ದನ್ನು ಅತ್ತಿಗೆ ಬಿಡಿಬಿಡಿಯಾಗಿ ಹೇಳಿದರು. ಅಣ್ಣನ ಕೆಲಸ ಹೋಗಿ, ಚೀಟಿಯ ಸಾಮಾನಿನ ಮೇಲೇ ಮನೆ ನಡೆಯುತ್ತಿದ್ದ ಕಾಲ. ವಾಸನೆ ಹೋಯಿತೆಂದರೆ ಅಮ್ಮ ಆ ಸಾಮಾನು ಮನೆಗೇ ಬೇಡ ಎನ್ನುತ್ತಿದ್ದರು. ಬೇಡವೆಂದರೆ ತಿನ್ನಲು ಏನಿತ್ತು? ಅದಕ್ಕೆ ಮೂಗಿಗೆ ಹಿಡಿಯುವುದನ್ನು ಬಿಡಲಿಲ್ಲ, ನೋಡುವವರಿಗೆ ಧೈರ್ಯ ಇರಲಿ ಎಂದು. ಕೈ, ಕಣ್ಣು, ಕಿವಿ ಬಳಸುವುದು ಕಲಿತರು. ಅವೂ ಸಾಲದೆ ಹೋದಾಗ ಒಂದು ಚಮಚ ತಾವು ಮೊದಲು. ಶುರುವಿನಲ್ಲಿ ಅರ್ಧ ಗಂಟೆ ಕಾಯುತ್ತಿದ್ದರು. ಸಾಲದು ಎಂದು ಎರಡು ಸಲ ಮಲಗಿದ ಮೇಲೆ ತಿಳಿಯಿತು. ಈಗ ಕಾಯುವುದು ಆರು ಗಂಟೆ. ರಾತ್ರಿಯ ಊಟಕ್ಕೆ ಬೇಕಾದದ್ದನ್ನು ಮಧ್ಯಾಹ್ನ, ಮಧ್ಯಾಹ್ನದ್ದನ್ನು ಬೆಳಿಗ್ಗೆ. ಚೀಟಿ ಇರಲಿ, ಪೂರ್ತಿ ಬೆಲೆಯ ಹೊಸದಿರಲಿ.

"ಹೊಸದೂನಾ?" ಎಂದಳು ನನ್ನವಳು.

"ಚೀಟಿ ಇರೋದನ್ನ ಎಲ್ರೂ ಹೆದರ್ಕೊಂಡು ನೋಡ್ತಾರೆ. ಹೊಸದನ್ನ ಯಾರೂ ನೋಡಲ್ಲ. ನಂಗೆ ಜಾಸ್ತಿ ಮೋಸ ಮಾಡಿರೋದು ಅದೇ."

ನನ್ನವಳು ಅತ್ತಿಗೆಯ ಕಾಲನ್ನು ಹಿಡಿದುಕೊಂಡು ಕೂತಿದ್ದಳು. "ಅಕ್ಕ, ನೀವ್ ಮಾಡೋ ಈ ಪರೀಕ್ಷೆಗೆ ನಮ್ಮ ಲ್ಯಾಬಲ್ಲಿ ಮೆಷೀನ್ ಇದೆ" ಎಂದಳು.

೯

ಭಾನುವಾರ ಎದ್ದು ಓಡಾಡುವಷ್ಟಾದ ಮೇಲೆ ಅತ್ತಿಗೆಗೆ ಈ ಕಥೆಯನ್ನು ಕೊಟ್ಟು ಕ್ಷಮೆ ಕೇಳಿದೆ. ಆಕೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಪ್ರತಿ ಸಾಲು ಓದಿದರು. ಕ್ಯಾರೆಟ್ಟಿನ ಭಾಗಕ್ಕೆ ಬಂದಾಗ ನಾನು ನೆಲ ನೋಡಿದೆ. ಓದಿ ಮುಗಿಸಿ, ಒಂದು ಸಲ ನನ್ನ ಮುಖವನ್ನೂ ಒಂದು ಸಲ ಕಾಗದವನ್ನೂ ನೋಡಿದರು.

ನನಗೋ ಬೈಗುಳ ಬೇಕಾಗಿತ್ತು. ಸಿಕ್ಕಿದ್ದು ತಿದ್ದುಪಡಿ. ಅಣಬೆಯ ಡಬ್ಬಿಯನ್ನು ಅಲ್ಲಾಡಿಸುವುದಿಲ್ಲ, ಓರೆ ಮಾಡುವುದು, ಅಲ್ಲಾಡಿಸಿದರೆ ಅಣಬೆ ಮುರಿಯುತ್ತದೆ. ಉಪ್ಪಿನ ಪ್ಯಾಕೆಟ್ ಹಿಡಿಯುವವರು ನಿವೃತ್ತ ಹೆಡ್‌ಮಾಸ್ಟರು, ಅವರನ್ನು ಗೇಲಿ ಮಾಡಬಾರದು. ಆಮೇಲೆ ಮುಂದಿನ ಪುಟಕ್ಕೆಂದು ನಾನು ಗುರುತು ಹಾಕಿಟ್ಟಿದ್ದ ಒಂದು ಶಬ್ದದ ಮೇಲೆ ಬೆರಳಿಟ್ಟರು.

"ತ್ಯಾಗ ಅಂತ ಬರ್ದಿದೀಯಲ್ಲ, ಇದನ್ನ ತೆಗಿ."

ಮತ್ತೇನೆಂದು ಬರೆಯಲಿ ಎಂದು ಕೇಳಿದೆ.

"ಕೆಲಸ ಅಂತ ಬರಿ. ನಂಗೆ ಬರೋ ಕೆಲಸ. ಚೆನ್ನಾಗ್ ಮಾಡ್ತೀನಿ." ದನಿ ತಗ್ಗಿಸಿ ಕೇಳಿದರು, "ಪುಟ್ಟೀನ ಕೊಡಲ್ವಂತಾ?"

ಹನ್ನೊಂದು ವರ್ಷ ಆಕೆ ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ.

೧೦

ಮುಕ್ತಾಯಗಳು. ನಿಮಗೆ ಯಾವುದು ಒಪ್ಪಿಗೆಯೋ ಆರಿಸಿಕೊಳ್ಳಿ.

ಅ) ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದೆವು. ಅಲ್ಲಿ ಎಲ್ಲರಿಗೂ ಮೂಗಿತ್ತು. (ಇದನ್ನು ಬರೆದು ಅರ್ಧ ದಿನ ಅತ್ತಿಗೆಯ ಕಣ್ಣು ತಪ್ಪಿಸಿ ಓಡಾಡಿದೆ. ಬಿಟ್ಟೆ.)

ಆ) ಒಂದು ಬೆಳಿಗ್ಗೆ ಅತ್ತಿಗೆಗೆ ಇದ್ದಕ್ಕಿದ್ದಂತೆ ಪುಟ್ಟಿಯ ನೆತ್ತಿಯ ವಾಸನೆ ಬಂತು. (ನಿಮಗೆ ಇಷ್ಟವಾಯಿತು, ಗೊತ್ತು. ನನಗೂ. ಅದು ಆಗಲಿಲ್ಲ, ಆಗಿದೆಯೆಂದು ಬರೆಯುವ ಧೈರ್ಯ ಶನಿವಾರದ ಮೇಲೆ ನನಗಿಲ್ಲ.)

ಇ) ಭಾನುವಾರ ರಾತ್ರಿ ಊಟದ ಮೇಜಿನಲ್ಲಿ ನನ್ನವಳು ಎಲ್ಲರ ಮುಂದೆ ವಿಷಯ ಬಿಚ್ಚಿಟ್ಟಳು. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೂಗು ಮೇಡಂ ಎಂದು ಕರೆದವನು ಅವನೇ ತಾನೆ. ಅಮ್ಮ ಎದ್ದರು, ಸೊಸೆಯ ಹತ್ತಿರ ಬಂದು ಆಕೆಯ ಸೆರಗನ್ನು ಸರಿಮಾಡಿದರು. ನನ್ನವಳು ಹೇಳಿದಳು: ಪುಟ್ಟಿ ಅಕ್ಕನ ಹತ್ತಿರವೇ ಇರುತ್ತಾಳೆ, ಆದರೆ ಒಂದು ಷರತ್ತು. ಇನ್ನು ಮೇಲೆ ಮೊದಲ ಚಮಚ ಅಕ್ಕನದಲ್ಲ. ಮೂಗಿರುವವರೆಲ್ಲ ಸರದಿಯ ಮೇಲೆ ಮೂಸಿ, ತಿಂದು, ಆರು ಗಂಟೆ ಕಾಯಬೇಕು. ಅತ್ತಿಗೆ ಎದ್ದು ನಿಂತು, ಆಗಲ್ಲ, ಅದು ನನ್ನದು ಎಂದು ಜಗಳಕ್ಕೇ ಬಂದರು. ನಾನು ಆಕೆಯನ್ನು ಅಷ್ಟು ಸಿಟ್ಟಿನಲ್ಲಿ ಕಂಡಿರಲಿಲ್ಲ. "ಹಾಗಾದ್ರೆ ಪುಟ್ಟಿ ನಿಮ್ದಲ್ಲ ಅಕ್ಕ" ಎಂದಳು ನನ್ನವಳು. ಅತ್ತಿಗೆ ಕೂತರು.

ಇದು ನಡೆದದ್ದು. ಆದರೆ ಇದು ಮುಕ್ತಾಯವಲ್ಲ.

೧೧

ಇವತ್ತು ಸೋಮವಾರ. ಸರದಿಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಯಾಕೆಂದು ಬೇರೆ ಹೇಳಬೇಕಿಲ್ಲ. ಬೆಳಿಗ್ಗೆ ಆರೂವರೆಗೆ, ಪುಟ್ಟಿಯ ಮಧ್ಯಾಹ್ನಕ್ಕೆಂದು ಅರೆದಿಟ್ಟ ಗೆಣಸನ್ನು ಮೂಸಿದೆ. ಚೆನ್ನಾಗಿಯೇ ಇತ್ತು. ಒಂದು ಚಮಚ ತಿಂದೆ. ನನ್ನವಳು ಮಗುವನ್ನು ಅತ್ತಿಗೆಯ ಕೈಗೆ ಕೊಟ್ಟು, ಹೊಗೆ ಕಂಡರೂ ಗ್ಯಾಸು ಸೋರಿದರೂ ಕೂಗುವ ಒಂದು ಡಬ್ಬಿಯನ್ನು ಅಡುಗೆಮನೆಯ ಗೋಡೆಗೆ ಸಿಕ್ಕಿಸಿ, ತಿರುಗಿ ನೋಡದೆ ಬಸ್ಸಿಗೆ ಹೋದಳು.

ಏಳೂಕಾಲಕ್ಕೆ ನನ್ನ ಹೊಟ್ಟೆಯಲ್ಲಿ ಏನೋ ಸರಿದಾಡಿದ ಹಾಗಾಯಿತು. ಏನೂ ಅಲ್ಲ. ಮೂಗು ಸರಿಯಿದೆ, ಗೆಣಸು ತಾಜಾ, ಎಲ್ಲ ಗೊತ್ತು. ಆದರೂ ಕೂತಲ್ಲಿ ಕೂರಲಾಗಲಿಲ್ಲ. ನಾಲಿಗೆಯ ಮೇಲೆ ಒಂದು ರುಚಿ ಇದೆಯೋ ಇಲ್ಲವೋ, ಬೆವರುತ್ತಿದ್ದೇನೋ ಇಲ್ಲವೋ. ಎಂಟಕ್ಕೆ ಅತ್ತಿಗೆ ಬಂದು ಹಣೆ ಮುಟ್ಟಿ ನೋಡಿದರು. ಒಂಬತ್ತಕ್ಕೆ ನಾಲಿಗೆ ತೋರಿಸು ಎಂದರು. ಹತ್ತಕ್ಕೆ ಬಿಸಿನೀರು ತಂದಿಟ್ಟರು. ಹನ್ನೊಂದು ವರ್ಷ, ದಿನಕ್ಕೆ ಎರಡು ಸಲ, ಈ ಹೆಂಗಸು ತನ್ನ ಹೊಟ್ಟೆಗೆ ಕಿವಿಗೊಟ್ಟುಕೊಂಡು ನಮ್ಮ ಬಟ್ಟೆ ಮಡಚಿದ್ದಾರೆ, ನಮ್ಮ ಜೋಕಿಗೆ ನಕ್ಕಿದ್ದಾರೆ. ಒಬ್ಬರೂ ಹೋಗಿ ಆಕೆಯ ಹಣೆ ಮುಟ್ಟಲಿಲ್ಲ. ಅಷ್ಟೊಂದನ್ನು ಒಬ್ಬರು ಹೇಗೆ ಹೊತ್ತರು ಎಂದು ಯೋಚಿಸಿದರೆ ನನಗೆ ಅಳುವೂ ಬರುತ್ತದೆ, ಕೈ ಮುಗಿಯಬೇಕೆಂದೂ ಅನ್ನಿಸುತ್ತದೆ.

ಈಗ ಸ್ವಲ್ಪ ಹೊತ್ತಿನ ಕೆಳಗೆ ಪುಟ್ಟಿಯನ್ನು ಎತ್ತಿಕೊಂಡು ಬಂದು, ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು.

"ಭಯ ಆಗ್ತಿದೆಯಾ?"

ಇಲ್ಲ ಎಂದೆ.

"ಸುಳ್ಳು ಹೇಳ್ಬೇಡ. ನಂಗೂ ಆಗ್ತಿತ್ತು. ದಿನಾ."

ಕಥೆ ಹೇಗೆ ಮುಗಿಸಲಿ ಅತ್ತಿಗೆ ಎಂದು ಕೇಳಿದೆ. ಆಕೆ ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಪುಟ್ಟಿಗೆ ಹಸಿವೆ, ಅತ್ತಿಗೆಯ ಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪುತ್ತಿದ್ದಾಳೆ. ಹನ್ನೊಂದೂ ಮುಕ್ಕಾಲು ಆಗಿದೆ. ಹನ್ನೆರಡೂವರೆಗೆ ಮೊದಲು ಏನನ್ನೂ ಹೇಳುವ ಅಧಿಕಾರ ನನಗಿಲ್ಲ. ನೀವು ಬೇಕಿದ್ದರೆ ಹೋಗಿ, ನಿಮಗೂ ಊಟದ ಹೊತ್ತು. ನಾವು ಮೂವರು ಇಲ್ಲೇ ಕೂತಿರುತ್ತೇವೆ.